ಒಂಬತ್ತು ವರ್ಷದ ಗ್ಯಾಪ್, ಒಂದೂವರೆ ಪುಟದ ರೆಸ್ಯೂಮೆ

ಕಾರವಾರದಲ್ಲಿ ಕೆಲಸಕ್ಕೆ ಸೇರಿದೆ ಅಂತ ಗೊತ್ತಾದ ಮೇಲೆ ಅಂಕೋಲಾದ ಗೆಳತಿಯರು, ಶಿರಸಿಯ ತವರಿನ ಕಡೆಯವರು ಎಲ್ಲರೂ ಕೇಳುತ್ತಿರುವುದು ಒಂದೇ. "ನಿನ್ನ ರೆಸ್ಯೂಮೆ ಕಳಿಸೇ, ಹೆಸರು ಬದಲಿಸಿ ಹಾಕ್ಕೊಳ್ತೇನೆ." ಕಳಿಸುವುದಕ್ಕೆ ನನ್ನದೇನೂ ಅಡ್ಡಿ ಇಲ್ಲ. ಆದರೆ ಬರೆಯುವ ಕೆಲಸ ಒಂದೆರಡು ಸಂಜೆಯದ್ದು. ಬರೆದ ಪ್ರತಿ ಸಾಲಿನ ಹಿಂದೆ ತೋರಿಸಲು ಒಂದು ಕಾಗದ ಇಟ್ಟುಕೊಳ್ಳುವುದಿದೆಯಲ್ಲ, ಅದು ತಿಂಗಳುಗಟ್ಟಲೆ ಎಳೆಯಿತು. ಮದುವೆಯಾಗಿ ಊರು, ಹೆಸರು, ಫೋನ್ ನಂಬರ್ ಎಲ್ಲ ಬದಲಾದ ಹೆಂಗಸರಿಗೆ ಈ ಪಾಡು ಜಾಸ್ತಿ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಶಿರಸಿಯಲ್ಲಿ, ಬಿ.ಕಾಂ. 2012ರಿಂದ 2016ರವರೆಗೆ ಹುಬ್ಬಳ್ಳಿಯಲ್ಲಿ ಪೈಪು, ಪಂಪ್‌ಸೆಟ್ ಮಾರುವ ಒಂದು ಡಿಸ್ಟ್ರಿಬ್ಯೂಟರ್ ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಮದುವೆಯಾಗಿ ಅಂಕೋಲಾ ಕಡೆ ಬಂದೆ. ಮಗಳು ಹುಟ್ಟಿದಳು, ಅತ್ತೆಗೆ ಆರಾಮಿರಲಿಲ್ಲ, ಕೆಲಸ ಅಲ್ಲಿಗೇ ನಿಂತಿತು. ಮಗಳು ಮೂರನೇ ಕ್ಲಾಸಿಗೆ ಬಂದ ಮೇಲೆ, 2025ರ ಮಳೆಗಾಲ ಶುರುವಾಗುವ ಹೊತ್ತಿಗೆ, ಮತ್ತೆ ಕೆಲಸ ಹುಡುಕುವುದು ಅಂತ ಮನೆಯಲ್ಲಿ ಮಾತಾಯಿತು.

ಮೊದಲು ಹೋಗಿದ್ದು ಪೇಟೆಯ ಒಂದು ಸೈಬರ್ ಸೆಂಟರಿಗೆ. ಅಲ್ಲಿನ ಹುಡುಗ ಏನೂ ಕೇಳಲಿಲ್ಲ. ಅವನ ಕಂಪ್ಯೂಟರಿನಲ್ಲಿ ಒಂದು ನಮೂನೆ ರೆಡಿ ಇತ್ತು. ಎಡಕ್ಕೆ ಹೆಸರು, ಬಲಕ್ಕೆ ಪಾಸ್‌ಪೋರ್ಟ್ ಸೈಜಿನ ಫೋಟೊ. ಅದರ ಕೆಳಗೆ ತಂದೆಯ ಹೆಸರು, ಗಂಡನ ಹೆಸರು, ಹುಟ್ಟಿದ ದಿನ, ಧರ್ಮ, ಜಾತಿ, ಮದುವೆಯಾಗಿದೆಯೋ ಇಲ್ಲವೋ, ಮನೆ ನಂಬರ್ ಸಮೇತ ಪೂರ್ತಿ ವಿಳಾಸ. ಆಮೇಲೆ ಮಾರ್ಕ್ಸಿನ ಟೇಬಲ್. ಹವ್ಯಾಸಗಳು: ಓದುವುದು, ಸಂಗೀತ ಕೇಳುವುದು. ಕೊನೆಗೆ "ಮೇಲಿನ ಮಾಹಿತಿಯೆಲ್ಲ ಸತ್ಯ" ಎಂಬ ಘೋಷಣೆ, ಸ್ಥಳ, ದಿನಾಂಕ, ಸಹಿ. ಟೈಪಿಂಗ್, ಪ್ರಿಂಟ್ ಸೇರಿ 80 ರೂಪಾಯಿ.

ಅದನ್ನು ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ವಾಟ್ಸ್‌ಆ್ಯಪ್ ಮಾಡಿದೆ. ಅವಳು ಒಂದು ಕಂಪನಿಯಲ್ಲಿ ನೇಮಕಾತಿ ವಿಭಾಗದಲ್ಲೇ ಇದ್ದಾಳೆ. "ಅಕ್ಕಾ, ಇದ್ರಲ್ಲಿ ನೀನು ಯಾರ ಮಗಳು, ಯಾರ ಹೆಂಡ್ತಿ ಅಂತ ಗೊತ್ತಾಗ್ತದೆ. ಏನು ಕೆಲಸ ಮಾಡ್ತಿ ಅಂತ ಗೊತ್ತಾಗೂದಿಲ್ಲ" ಎಂದಳು. ನೋಡಿದರೆ ಹೌದು. ನಾಲ್ಕು ವರ್ಷದ ಹುಬ್ಬಳ್ಳಿಯ ಕೆಲಸಕ್ಕೆ ಅಲ್ಲಿ ಸಿಕ್ಕಿದ್ದು ಒಂದೇ ಸಾಲು. ಜಾತಿ, ಧರ್ಮ, ವಿಳಾಸಕ್ಕೆ ಅರ್ಧ ಪುಟ.

ಇನ್ನೊಂದು ತಮಾಷೆ ಎಂದರೆ, ಮೇಲ್ಗಡೆ ಕನ್ನಡದಲ್ಲಿ ಹಾಕಿಸಿದ್ದ ನನ್ನ ಹೆಸರು ಅವಳ ಫೋನಿನಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ಕಂಡಿತ್ತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲು, ಆ ಫಾಂಟು ಇಲ್ಲದ ಕಡೆ ಹಾಗೇ ಆಗುವುದು. ಕನ್ನಡ ಶಾಲೆಗೋ ಸಹಕಾರಿ ಸಂಘಕ್ಕೋ ಕನ್ನಡದಲ್ಲೇ ಅರ್ಜಿ ಹಾಕುವವರು ಟೈಪ್ ಮಾಡಿಸುವಾಗಲೇ "ಯೂನಿಕೋಡ್‌ನಲ್ಲಿ ಮಾಡಿ, ಪಿಡಿಎಫ್ ಕೊಡಿ" ಎಂದು ಹೇಳಿಬಿಡಿ. ಪೆನ್‌ಡ್ರೈವಿಗೋ ಮೇಲಿಗೋ ವರ್ಡ್ ಫೈಲನ್ನೂ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಒಂದು ಅಕ್ಷರ ತಿದ್ದಲಿಕ್ಕೂ ಮತ್ತೆ ಅಲ್ಲಿಗೇ ಹೋಗಬೇಕು.

ತಂಗಿ ಮೊದಲು ತೆಗೆಸಿದ್ದು ಫೋಟೊ, ಜಾತಿ, ಧರ್ಮ, ಗಂಡನ ಹೆಸರು, ಮದುವೆಯ ಸಾಲು. ಹುಟ್ಟಿದ ದಿನವೂ ಬೇಡ ಎಂದಳು. ಅತ್ತೆಗೆ ಇದು ಸರಿ ಕಾಣಲಿಲ್ಲ. "ಯಾರ ಮನೆಯವಳು ಅಂತ ಗೊತ್ತಾಗದಿದ್ರೆ ಕೆಲಸ ಯಾರು ಕೊಡ್ತಾರೆ?" ಊರಿನ ಲೆಕ್ಕದಲ್ಲಿ ಅವರ ಮಾತೂ ಸುಳ್ಳಲ್ಲ. ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಸಣ್ಣ ಆಫೀಸಿಗೆ ಜನ ತೆಗೆದುಕೊಳ್ಳುವುದು ಪರಿಚಯದ ಮೇಲೆಯೇ. ಆದರೆ ಆ ಪರಿಚಯ ಬಾಯಿಂದ ಬಾಯಿಗೆ ಹೋಗುತ್ತದೆ, ಕಾಗದದಲ್ಲಿ ಬೇಕಾಗಿಲ್ಲ. ಸರ್ಕಾರಿ ಹುದ್ದೆಗೆ ಜಾತಿ, ಮೀಸಲಾತಿ, ವಯಸ್ಸು ಎಲ್ಲ ಬೇಕು, ಅದಕ್ಕೆ ಅವರದೇ ಅರ್ಜಿ ನಮೂನೆ ಇರುತ್ತದೆ. ಖಾಸಗಿ ಕೆಲಸದ ರೆಸ್ಯೂಮೆಗೆ ಅದನ್ನು ತರಬೇಡಿ.

ಪೂರ್ತಿ ವಿಳಾಸ ತೆಗೆಯುವುದಕ್ಕೆ ಬೇರೆಯೇ ಕಾರಣ ಇದೆ. ಸೈಬರಿನ ಆ ಮೊದಲ ಪ್ರತಿ ಯಾರದೋ ಕೈಯಿಂದ ಒಂದು ಉದ್ಯೋಗದ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ಫೋಟೊ, ನಂಬರ್, ಮನೆ ವಿಳಾಸ ಸಮೇತ. ಒಂದು ವಾರ ರಾತ್ರಿ ಹತ್ತರ ಮೇಲೆ ಗುರುತಿಲ್ಲದವರ ಕರೆ. ಒಬ್ಬ "ಕೆಲಸ ಇದೆ, ಮೊದಲು ವಿಡಿಯೊ ಕಾಲ್ ಮಾಡಿ" ಎನ್ನುತ್ತಿದ್ದ. ಇನ್ನೊಬ್ಬ ದೊಡ್ಡ ಕಂಪನಿಯೊಂದರ ಹೆಸರು ಹೇಳಿ, ನೋಂದಣಿಗೆ 1,500 ರೂಪಾಯಿ ಕಳಿಸಿ ಎಂದ. ನಾನು ಕಳಿಸಲಿಲ್ಲ. ನಮ್ಮ ಓಣಿಯ ಒಬ್ಬಳು ಹುಡುಗಿ ಹೀಗೇ ಕಳಿಸಿ ಕಳೆದುಕೊಂಡಿದ್ದು ಗೊತ್ತಿತ್ತು. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ, ಅಷ್ಟೇ. ಆಮೇಲೆ ಕೆಲಸದ ವಿಷಯಕ್ಕೇ ಒಂದು ಬೇರೆ ಸಿಮ್ ತೆಗೆದುಕೊಂಡೆ. ಹೊಸ ಇಮೇಲ್ ಮಾಡಿದೆ, ಬರೀ ಹೆಸರು ಮತ್ತು ಒಂದೆರಡು ಅಂಕಿ. ವಿಳಾಸದ ಜಾಗದಲ್ಲಿ "ಅಂಕೋಲಾ, ಉತ್ತರ ಕನ್ನಡ" ಎಂದಷ್ಟೇ ಉಳಿಯಿತು. ಆಧಾರ್ ನಂಬರನ್ನು ರೆಸ್ಯೂಮೆಯಲ್ಲಿ ಹಾಕುವವರನ್ನೂ ನೋಡಿದ್ದೇನೆ. ಖಂಡಿತ ಬೇಡ. ಗಂಡನ ನಂಬರ್ ಕೊಡುವುದೂ ಬೇಡ. ಕರೆ ಬಂದಾಗ ಅವರು ಬೈಕ್ ಮೇಲಿರುತ್ತಾರೆ, ನಿಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಆ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ.

ಇನ್ನು ಗ್ಯಾಪ್. 2016ರಿಂದ 2025. ಇದನ್ನು ಏನು ಮಾಡುವುದು ಅಂತ ಸುಮಾರು ರಾತ್ರಿ ನಿದ್ದೆ ಬಂದಿಲ್ಲ. ಒಬ್ಬರು ಇಸವಿಯನ್ನೇ ಬಿಟ್ಟುಬಿಡು ಎಂದರು. ಮತ್ತೊಬ್ಬರು ಯಾವುದಾದರೂ ಅಂಗಡಿಯ ಹೆಸರಲ್ಲಿ ಅನುಭವ ಪತ್ರ ಮಾಡಿಸಿಕೋ ಎಂದರು. ಪರಿಚಯದ ಅಂಗಡಿಯವರು ಕೊಡಲಿಕ್ಕೂ ತಯಾರಿದ್ದರು. ನನಗೆ ಧೈರ್ಯ ಆಗಲಿಲ್ಲ. ಕಾರವಾರ ಎಷ್ಟು ದೊಡ್ಡ ಊರು ಹೇಳಿ? ಎರಡು ಫೋನ್ ಮಾಡಿದರೆ ಎಲ್ಲ ಹೊರಗೆ ಬರುತ್ತದೆ.

ತಂಗಿ ಒಂದು ಉಪಾಯ ಹೇಳಿದಳು. ರೆಸ್ಯೂಮೆ ಮರೆತು, ಒಂಬತ್ತು ವರ್ಷದಲ್ಲಿ ಲೆಕ್ಕ, ಬರಹ, ದುಡ್ಡು, ಜನರ ವ್ಯವಹಾರ ಎಂದು ಏನೇನು ಮಾಡಿದ್ದೀಯೋ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆ ಎಂದಳು. ಬರೆಯಲು ಕೂತಾಗ ಮೊದಲು ಏನೂ ತೋಚಲಿಲ್ಲ. ಮನೆ, ಮಗು, ಅಡುಗೆ, ಆಸ್ಪತ್ರೆ. ಆಮೇಲೆ ಒಂದೊಂದೇ ಬಂತು.

ನಮ್ಮೂರ ಸ್ವಸಹಾಯ ಸಂಘದ ಪುಸ್ತಕ ನಾನೇ ಬರೆಯುತ್ತಿದ್ದೆ. ಹದಿನೈದು ಜನ ಸದಸ್ಯರು. ವಾರದ ಉಳಿತಾಯ, ಒಳಗಿನ ಸಾಲ, ಬಡ್ಡಿ, ನಿರ್ಣಯ ಪುಸ್ತಕ, ಎಲ್ಲರ ಪಾಸ್‌ಬುಕ್ಕು. ಬ್ಯಾಂಕಿನ ಸಾಲಕ್ಕೆ ಕಾಗದ ಹೊಂದಿಸಿದ್ದು, ವರ್ಷದ ಆಡಿಟ್‌ಗೆ ಲೆಕ್ಕ ಕೊಟ್ಟಿದ್ದು. ಇದನ್ನು ನಾನು ಕೆಲಸ ಅಂತ ಎಣಿಸಿಯೇ ಇರಲಿಲ್ಲ. ಸಂಬಳ ಇರಲಿಲ್ಲ ನೋಡಿ.

ಎರಡನೆಯದು ಮಾವಿನ ರಸ. ಅಂಕೋಲಾದ ಕರಿ ಇಶಾಡ ಗೊತ್ತಲ್ಲ, 2023ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಹಣ್ಣು. ನಾದಿನಿ ಬೇಸಿಗೆಯಲ್ಲಿ ಅದರ ರಸ ಮಾಡಿ ಡಬ್ಬಿ ತುಂಬಿಸಿ ಮಾರುತ್ತಾಳೆ. ಕುದಿಸುವುದು, ತುಂಬುವುದು ಅವಳ ಕೈಯದು. ಆರ್ಡರ್ ಬರೆದುಕೊಳ್ಳುವುದು, ದುಡ್ಡು ಬಂತೋ ನೋಡುವುದು, ಹುಬ್ಬಳ್ಳಿ ಬೆಂಗಳೂರಿಗೆ ಪಾರ್ಸೆಲ್ ಹಾಕುವುದು, ಬಾಕಿ ವಸೂಲಿ ಎಲ್ಲ ನನ್ನದು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಗೆ ಆನ್‌ಲೈನ್ ಅರ್ಜಿ ಹಾಕಿದ್ದೂ ನಾನೇ. ಸಣ್ಣ ವ್ಯಾಪಾರಕ್ಕೆ ಆಗ ವರ್ಷಕ್ಕೆ 100 ರೂಪಾಯಿ ಫೀ.

ಇವನ್ನು ರೆಸ್ಯೂಮೆಯ ಭಾಷೆಗೆ ತರುವುದು ಎಂದರೆ ಉಬ್ಬಿಸುವುದು ಅಂತ ಅಂದುಕೊಂಡಿದ್ದೆ. ಉಬ್ಬಿಸಬೇಕಾಗಿಯೇ ಇಲ್ಲ. ಮೊದಲ ಪ್ರತಿಯಲ್ಲಿ "ಸ್ವಸಹಾಯ ಸಂಘದ ಸದಸ್ಯೆ" ಎಂದಿತ್ತು. ಅದು ಹೀಗಾಯಿತು: "ಹದಿನೈದು ಸದಸ್ಯರ ಸ್ವಸಹಾಯ ಸಂಘದ ಲೆಕ್ಕ ನಿರ್ವಹಣೆ, 2019ರಿಂದ. ಉಳಿತಾಯ, ಸಾಲ ಮತ್ತು ಬಡ್ಡಿಯ ವಾರದ ಲೆಕ್ಕ. ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ತಾಳೆ. ವಾರ್ಷಿಕ ಆಡಿಟ್‌ಗೆ ದಾಖಲೆ ಸಿದ್ಧತೆ." ಎಲ್ಲ ನಿಜವೇ. ಹಾಗೆಯೇ "ಮನೆಯ ವ್ಯಾಪಾರದಲ್ಲಿ ಸಹಾಯ" ಎಂಬುದು "ಮಾವಿನ ರಸ ಮಾರಾಟದ ಆರ್ಡರ್, ಬಿಲ್, ಬಾಕಿ ವಸೂಲಿ ಮತ್ತು ಪಾರ್ಸೆಲ್ ನಿರ್ವಹಣೆ, ಪ್ರತಿ ಹಂಗಾಮಿಗೆ ಸುಮಾರು ಇನ್ನೂರು ಗ್ರಾಹಕರು" ಎಂದಾಯಿತು. ಏನು ಮಾಡಿದೆ, ಎಷ್ಟು ಮಾಡಿದೆ, ಯಾವಾಗಿಂದ. ಈ ಮೂರು ಇದ್ದರೆ ಸಾಲು ನಿಲ್ಲುತ್ತದೆ. "ಶ್ರಮಜೀವಿ", "ತಂಡದಲ್ಲಿ ಬೆರೆಯುವವಳು" ತರಹದ ಮಾತುಗಳನ್ನು ತಂಗಿ ನಿರ್ದಯವಾಗಿ ಹೊಡೆದು ಹಾಕಿದಳು. ಎಲ್ಲರೂ ಅದನ್ನೇ ಬರೆಯುತ್ತಾರಂತೆ.

ಗ್ಯಾಪಿಗೆ ಒಂದೇ ಒಂದು ಸಾಲು ಇಟ್ಟೆವು: "2016–2019: ಕುಟುಂಬದ ಜವಾಬ್ದಾರಿ." ಯಾರ ಕಾಯಿಲೆ, ಎಷ್ಟು ಮಕ್ಕಳು, ಏನೂ ಇಲ್ಲ. ಕ್ಷಮೆ ಕೇಳುವ ಧಾಟಿಯೂ ಇಲ್ಲ.

ಈಗ ಕಾಗದದ ಕಥೆ. ಇದೇ ದೊಡ್ಡದು.

ಮಾರ್ಕ್ಸ್ ಕಾರ್ಡು, ಪದವಿ ಪ್ರಮಾಣಪತ್ರದಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಇನಿಶಿಯಲ್. ಮದುವೆಯಾದ ಮೇಲೆ ಆಧಾರ್ ತಿದ್ದಿಸಿದಾಗ ಗಂಡನ ಮನೆಯ ಅಡ್ಡಹೆಸರು ಸೇರಿಕೊಂಡಿತು. ಪ್ಯಾನ್ ಕಾರ್ಡು ಹಳೆಯದೇ. ಪಿಎಫ್ ಖಾತೆಯೂ ಹಳೆಯ ಹೆಸರಿನದು. ಒಬ್ಬಳೇ ನಾನು, ಕಾಗದದಲ್ಲಿ ಇಬ್ಬರು ಹೆಂಗಸರು. ಸುಮ್ಮನೆ ಮನೆಯಲ್ಲಿದ್ದಷ್ಟು ದಿನ ಇದು ಯಾರಿಗೂ ತೊಂದರೆ ಕೊಡಲಿಲ್ಲ. ಕೆಲಸಕ್ಕೆ ಹೊರಟ ಕೂಡಲೇ ಎಲ್ಲ ಒಟ್ಟಿಗೆ ಎದ್ದು ಕೂತಿತು.

ಪ್ಯಾನ್–ಆಧಾರ್ ಜೋಡಣೆ ಆಗಿರಲಿಲ್ಲ, ಹೆಸರು ಹೊಂದುತ್ತಿರಲಿಲ್ಲವಲ್ಲ. 2023ರ ಜೂನ್ 30 ಕಡೆಯ ದಿನವಾಗಿತ್ತು. ಅದರ ನಂತರ ಜೋಡಣೆಯಾಗದ ಪ್ಯಾನ್ ಕೆಲಸಕ್ಕೆ ಬಾರದಂತಾಗಿತ್ತು. ಮೊದಲು ಪ್ಯಾನಿನ ಹೆಸರು ತಿದ್ದುಪಡಿ, 107 ರೂಪಾಯಿ. ಅದಕ್ಕೆ ಮದುವೆ ನೋಂದಣಿ ಪತ್ರ ಲಗತ್ತಿಸಿದೆ. ಹೊಸ ಕಾರ್ಡು ಬಂದ ಮೇಲೆ ಜೋಡಣೆಗೆ 1,000 ರೂಪಾಯಿ ದಂಡ. ಮದುವೆ ನೋಂದಣಿ ಮಾಡಿಸದವರು ಈಗಲೇ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿಕೊಳ್ಳಿ. ಕಲ್ಯಾಣ ಮಂಟಪದ ರಸೀದಿ, ಮದುವೆ ಕಾಗದ ಇಟ್ಟುಕೊಂಡರೆ ಸಾಲುವುದಿಲ್ಲ. ಹತ್ತು ವರ್ಷದ ಮೇಲೆ ಸಾಕ್ಷಿಗಳನ್ನು ಹುಡುಕಿ ಕರೆತರುವುದು ಇನ್ನೂ ಕಷ್ಟ.

ಮಾರ್ಕ್ಸ್ ಕಾರ್ಡಿನ ಹೆಸರು ಬದಲಿಸುವ ಗೋಜಿಗೆ ಹೋಗಲಿಲ್ಲ. ಅದು ಬೇಕಾಗಿಯೂ ಇಲ್ಲ. "ಈ ಎರಡೂ ಹೆಸರಿನವಳು ನಾನೊಬ್ಬಳೇ" ಎಂದು ಒಂದು ಅಫಿಡವಿಟ್ ಮಾಡಿಸಿದೆ. 100 ರೂಪಾಯಿಯ ಇ-ಸ್ಟ್ಯಾಂಪ್ ಪೇಪರ್, ಮೇಲೆ ಟೈಪಿಂಗ್ ಮತ್ತು ನೋಟರಿಯವರ ಫೀ. ಎರಡು ಮೂಲ ಪ್ರತಿ ಮಾಡಿಸಿ. ಒಂದು ಯಾರಾದರೂ ಇಟ್ಟುಕೊಂಡೇ ಬಿಡುತ್ತಾರೆ. ರೆಸ್ಯೂಮೆಯಲ್ಲಿ ಆಧಾರ್, ಪ್ಯಾನಿನ ಹೆಸರು ದೊಡ್ಡದಾಗಿ ಹಾಕಿ, ಓದಿನ ಭಾಗದಲ್ಲಿ "ಪ್ರಮಾಣಪತ್ರಗಳು ಮದುವೆಗೆ ಮೊದಲಿನ ಹೆಸರಿನಲ್ಲಿವೆ" ಎಂದು ಸಣ್ಣ ಸಾಲು ಸೇರಿಸಿದೆ. ಅದನ್ನು ನೋಡಿದ ಮೇಲೆ ಯಾರೂ ಹೆಸರಿನ ಬಗ್ಗೆ ತಕರಾರು ತೆಗೆಯಲಿಲ್ಲ. ಇನ್ನೂ ಮದುವೆಯಾಗದ ಹುಡುಗಿಯರಿಗೆ ಒಂದು ಮಾತು. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ನನ್ನ ತಂಗಿ ಬದಲಿಸಿಲ್ಲ, ಆರಾಮಾಗಿದ್ದಾಳೆ.

ಆಮೇಲೆ ಹುಬ್ಬಳ್ಳಿಯ ಅನುಭವ ಪತ್ರ. ಕೆಲಸ ಬಿಡುವಾಗ ತೆಗೆದುಕೊಂಡಿರಲಿಲ್ಲ. ಆಗ ಮದುವೆ, ಊರು ಬಿಡುವ ಗಡಿಬಿಡಿ. ಫೋನ್ ಮಾಡಿದರೆ ನಂಬರೇ ಇಲ್ಲ. ಒಂದು ಬೆಳಿಗ್ಗೆ ಅಂಕೋಲಾ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದೆ. ಅರಬೈಲು ಘಟ್ಟದಲ್ಲಿ ಜಡಿಮಳೆ, ಮುಂದೆ ಲಾರಿಗಳ ಸಾಲು. ಯಲ್ಲಾಪುರ ಮುಟ್ಟುವಷ್ಟರಲ್ಲೇ ಅರ್ಧ ದಿನ ಹೋದ ಹಾಗಾಯಿತು. ಆದರೆ ಟಿಕೆಟ್ ಖರ್ಚಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳು ನಮ್ಮಂಥ ಹೆಂಗಸರಿಗೆ ಉಚಿತ. ಈ ಓಡಾಟಕ್ಕೆಲ್ಲ ದುಡ್ಡು ಕೊಡಬೇಕಾಗಿದ್ದರೆ ಬಹುಶಃ ಮಧ್ಯದಲ್ಲೇ ಬಿಡುತ್ತಿದ್ದೆ.

ಆಫೀಸಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ವ್ಯಾಪಾರ ಮುಚ್ಚಿ ಐದಾರು ವರ್ಷ ಆಯಿತು ಎಂದರು ಪಕ್ಕದವರು. ಬೀದಿಯಲ್ಲಿ ಛತ್ರಿ ಹಿಡಿದು ನಿಂತು ಅಳು ಬಂತು. ಸುಳ್ಳು ಯಾಕೆ ಹೇಳಲಿ. ನಾಲ್ಕು ವರ್ಷ ಕೂತು ದುಡಿದ ಜಾಗದ ಗುರುತೇ ಇಲ್ಲ ಎಂದರೆ, ಆ ಕೆಲಸ ಮಾಡಿದ್ದು ನಿಜವೋ ಅಲ್ಲವೋ ಅನ್ನಿಸಿಬಿಡುತ್ತದೆ.

ಹಳೆಯ ಸಹೋದ್ಯೋಗಿಯೊಬ್ಬರು ಆ ಬೀದಿಯಲ್ಲೇ ಬೇರೆ ಕಡೆ ಕೆಲಸಕ್ಕಿದ್ದರು. ಅವರು ಎರಡು ದಾರಿ ಹೇಳಿದರು. ಒಂದು ಬ್ಯಾಂಕು. ಸಂಬಳ ಬರುತ್ತಿದ್ದುದು ಸಿಂಡಿಕೇಟ್ ಬ್ಯಾಂಕಿನ ಖಾತೆಗೆ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ಸೇರಿದೆ. ಹಳೆಯ ಪಾಸ್‌ಬುಕ್ ತೋರಿಸಿ, ಅರ್ಜಿ ಬರೆದುಕೊಟ್ಟು 2012–16ರ ಸ್ಟೇಟ್‌ಮೆಂಟ್ ಕೇಳಿದೆ. ಹಳೆಯ ದಾಖಲೆಯಾದ್ದರಿಂದ ಕಾಯಬೇಕಾಯಿತು, ಶುಲ್ಕವೂ ಕೊಟ್ಟೆ. ಆದರೆ ಕೈಗೆ ಬಂದಾಗ ಪ್ರತಿ ತಿಂಗಳೂ ಆ ಸಂಸ್ಥೆಯ ಹೆಸರಿನಿಂದ ಜಮೆಯಾದ ಸಂಬಳ ಸಾಲಾಗಿ ಕಾಣುತ್ತಿತ್ತು. ಹಳೆಯ ಬ್ಯಾಂಕುಗಳು ಒಂದರಲ್ಲೊಂದು ಸೇರಿಹೋಗಿವೆ ಅಂತ ಸುಮ್ನೆ ಕೈಚೆಲ್ಲಬೇಡಿ. ಯಾವುದು ಯಾವುದರಲ್ಲಿ ಸೇರಿತು ಎಂದು ತಿಳಿದುಕೊಂಡು ಅಲ್ಲಿ ಕೇಳಿ.

ಎರಡನೆಯದು ಪಿಎಫ್. 2014ರಿಂದ ಎಲ್ಲರಿಗೂ ಯುಎಎನ್ ಎಂಬ ಹನ್ನೆರಡು ಅಂಕಿಯ ಖಾಯಂ ನಂಬರ್ ಬಂದಿದೆ. ನನ್ನದು ಹಳೆಯ ಸಂಬಳ ಚೀಟಿಯ ಮೇಲೆ ಇತ್ತು. ಆ ಚೀಟಿ ಸಿಕ್ಕಿದ್ದು ತವರಿನಲ್ಲಿ, ಅಮ್ಮ ಕಟ್ಟಿಟ್ಟಿದ್ದ ಹಳೆ ಪುಸ್ತಕಗಳ ನಡುವೆ. ಯುಎಎನ್ ಚಾಲೂ ಇದ್ದರೆ ಪಿಎಫ್ ಜಾಲತಾಣದಲ್ಲಿ ಯಾವ ದಿನ ಸೇರಿದಿರಿ, ಯಾವ ದಿನ ಬಿಟ್ಟಿರಿ, ಯಾವ ಸಂಸ್ಥೆ ಎಂಬುದೆಲ್ಲ ಕಾಣುತ್ತದೆ. ಅನುಭವ ಪತ್ರಕ್ಕಿಂತ ಗಟ್ಟಿ ಪುರಾವೆ ಇದು. ನನ್ನ ತೊಡಕು ಮತ್ತೆ ಅದೇ ಹೆಸರು. ಆಧಾರ್ ಒಂದು, ಪಿಎಫ್ ಒಂದು. ತಿದ್ದಲು ಜಾಯಿಂಟ್ ಡಿಕ್ಲರೇಶನ್ ಅರ್ಜಿಗೆ ಹಳೆಯ ಮಾಲೀಕರ ಸಹಿ ಬೇಕು. ಮಾಲೀಕರ ಸಂಸ್ಥೆಯೇ ಇಲ್ಲ. ಅಂಥ ಸಂದರ್ಭದಲ್ಲಿ ಗೆಜೆಟೆಡ್ ಅಧಿಕಾರಿಯ ದೃಢೀಕರಣ ನಡೆಯುತ್ತದೆ ಎಂದು ಗೊತ್ತಾಗಿ ಹಾಗೆ ಮಾಡಿಸಿ ಕಳಿಸಿದೆ. ಅದು ಮುಗಿದಿದ್ದು ನಾನು ಕೆಲಸಕ್ಕೆ ಸೇರುವ ಹೊತ್ತಿಗೆ. ಅಷ್ಟರವರೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ನೇಮಕದ ಪತ್ರದ ಜೆರಾಕ್ಸಿನಲ್ಲೇ ಸಂಭಾಳಿಸಿದೆ.

ಹಾಗಾಗಿ ಈಗ ಕೆಲಸ ಬಿಡುವ ಯೋಚನೆಯಲ್ಲಿರುವವರು, ಮದುವೆಗೋ ಹೆರಿಗೆಗೋ ಯಾವುದಕ್ಕೇ ಇರಲಿ, ಬಿಡುವ ಮೊದಲೇ ಅನುಭವ ಪತ್ರ, ಕೊನೆಯ ಮೂರು ಸಂಬಳ ಚೀಟಿ, ಯುಎಎನ್ ತೆಗೆದಿಟ್ಟುಕೊಳ್ಳಿ. ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕವನ್ನು ಮಾಲೀಕರು ಹಾಕದಿದ್ದರೆ ಎರಡು ತಿಂಗಳ ನಂತರ ನೀವೇ ಆನ್‌ಲೈನ್ ಹಾಕಬಹುದು. 2020ರಿಂದ ಆ ಸೌಲಭ್ಯ ಇದೆ.

ಮೂರನೆಯ ಅಡ್ಡಿ ನನ್ನ ವಿದ್ಯೆಯದೇ. ನಾನು ಹುಬ್ಬಳ್ಳಿ ಬಿಟ್ಟಾಗ ವ್ಯಾಟ್ ಕಾಲ, ಅಂದರೆ ಜಿಎಸ್‌ಟಿಗೆ ಮೊದಲಿನ ಮಾರಾಟ ತೆರಿಗೆ. ತಿಂಗಳಿಗೊಮ್ಮೆ ವ್ಯಾಟ್ 100 ಫಾರ್ಮು ತುಂಬುತ್ತಿದ್ದೆವು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಲೆಕ್ಕ ಬರೆಯುವ ಸಾಫ್ಟ್‌ವೇರಿನಲ್ಲೂ ಟ್ಯಾಲಿ ಇಆರ್‌ಪಿ 9 ಹೋಗಿ ಟ್ಯಾಲಿ ಪ್ರೈಮ್ ಬಂತು. ರೆಸ್ಯೂಮೆಯಲ್ಲಿ "ಟ್ಯಾಲಿ ಗೊತ್ತು" ಎಂದು ಬರೆಯುವುದು ಸುಲಭ. ಎದುರಿಗೆ ಕೂರಿಸಿ ಒಂದು ಎಂಟ್ರಿ ಹಾಕಿ ಎಂದರೆ? ಪೇಟೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ, 4,500 ರೂಪಾಯಿ. ಬೆಂಚಿನಲ್ಲಿ ನನ್ನ ಪಕ್ಕ ಕೂತವಳು ಪಿಯುಸಿ ಮುಗಿಸಿದ ಹುಡುಗಿ, ನನ್ನನ್ನು ಆಂಟಿ ಎನ್ನುತ್ತಿದ್ದಳು. ಒಂದು ವಾರ ಮುಜುಗರ. ಆಮೇಲೆ ಡೆಬಿಟ್ ಕ್ರೆಡಿಟ್ ಎಲ್ಲಿ ಹೋಗುತ್ತದೆ ಎಂದು ಅವಳಿಗೆ ನಾನೇ ಹೇಳಿಕೊಡುವ ಹಾಗಾಯಿತು. ಲೆಕ್ಕದ ಬುಡ ಬದಲಾಗಿಲ್ಲ, ಮೇಲಿನ ಬಟನ್ನು ಮಾತ್ರ ಬೇರೆ.

ಮನೆಯಲ್ಲಿ ಅಭ್ಯಾಸಕ್ಕೆ ದುಡ್ಡು ಕೊಡಬೇಕಾಗಿಲ್ಲ. ಟ್ಯಾಲಿ ಪ್ರೈಮನ್ನು ಎಜುಕೇಶನ್ ಮೋಡಿನಲ್ಲಿ ಉಚಿತವಾಗಿ ಬಳಸಬಹುದು. ಅದರಲ್ಲಿ ತಿಂಗಳ ಕೆಲವೇ ತಾರೀಕುಗಳಿಗೆ ಮಾತ್ರ ಎಂಟ್ರಿ ಹಾಕಲು ಬರುತ್ತದೆ, ಕಲಿಯಲಿಕ್ಕೆ ಅಷ್ಟು ಸಾಕು. ನಾನು ನಾದಿನಿಯ ಮಾವಿನ ರಸದ ಒಂದು ಹಂಗಾಮಿನ ಲೆಕ್ಕವನ್ನೇ ಅದರಲ್ಲಿ ಹಾಕಿ ಕಲಿತೆ. ಜಿಲ್ಲೆಯ ಆ ಕಡೆಯವರಿಗೆ ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಇದೆ. ಅಲ್ಲಿ ಊಟ ವಸತಿ ಸಮೇತ ಉಚಿತ ತರಬೇತಿಗಳು ನಡೆಯುತ್ತವೆ. ಸ್ವಂತ ಉದ್ಯೋಗಕ್ಕೆ ಒತ್ತು ಜಾಸ್ತಿ, ಆದರೂ ವಿಚಾರಿಸಿ ನೋಡಿ.

ಕೌಶಲದ ಭಾಗದಲ್ಲಿ ಕೊನೆಗೆ ಉಳಿದಿದ್ದು ನಿಜಕ್ಕೂ ಕೈಯಲ್ಲಿ ಬರುವುದಷ್ಟೇ: ಟ್ಯಾಲಿ ಪ್ರೈಮ್, ಎಕ್ಸೆಲ್, ಜಿಎಸ್‌ಟಿಆರ್-1 ಮತ್ತು 3ಬಿ ಎಂಬ ಜಿಎಸ್‌ಟಿ ರಿಟರ್ನುಗಳಿಗೆ ಲೆಕ್ಕ ತಯಾರಿ, ಸರಕು ಸಾಗಿಸುವಾಗ ಬೇಕಾಗುವ ಇ-ವೇ ಬಿಲ್, ಬ್ಯಾಂಕ್ ತಾಳೆ. ಭಾಷೆಗಳ ಸಾಲನ್ನು ಸೈಬರ್ ಹುಡುಗ ಕೊನೆಗೆ ತಳ್ಳಿದ್ದ. ನಾನು ಮೇಲೆ ತಂದೆ. ಕನ್ನಡ, ಕೊಂಕಣಿ, ಹಿಂದಿ ಮಾತು, ಇಂಗ್ಲಿಷ್ ಓದು ಬರಹ. ಕಾರವಾರದಲ್ಲಿ ಇದಕ್ಕೆ ಬೆಲೆ ಇದೆ. ಪೇಟೆಯ ವ್ಯವಹಾರ ಅರ್ಧ ಕೊಂಕಣಿಯಲ್ಲಿ ನಡೆಯುತ್ತದೆ. ನೌಕಾನೆಲೆ, ಕೈಗಾ ಅಣುಸ್ಥಾವರ ಅಂತ ಹೊರಗಿನವರು ಬಂದಿದ್ದಾರೆ, ಅವರ ಜೊತೆ ಹಿಂದಿ ಬೇಕು. ಗೋವಾ ಕಡೆಯ ಸಪ್ಲೈಯರುಗಳಿಗೆ ಮತ್ತೆ ಕೊಂಕಣಿ. ಶಿರಸಿಯವಳಾದ ನನಗೆ ಕೊಂಕಣಿ ಬಂದಿದ್ದು ಅಕ್ಕಪಕ್ಕದ ಮನೆಯವರಿಂದ, ಮೀನು ಕೊಳ್ಳುತ್ತ ಕೊಳ್ಳುತ್ತ. ಅದೂ ರೆಸ್ಯೂಮೆಗೆ ಬಂತು ನೋಡಿ!

ಆಕಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಳಿ ಹಾಳೆ, ಕಪ್ಪು ಅಕ್ಷರ, ಒಂದೇ ಫಾಂಟು. ಹೊಸ ಅನುಭವ ಮೇಲೆ, ಹಳೆಯದು ಕೆಳಗೆ, ಓದು ಅದರ ಕೆಳಗೆ. ಬಣ್ಣದ ಪಟ್ಟಿ, ಬಾಕ್ಸು, ಟೇಬಲ್ಲು ಬೇಡ. ಆನ್‌ಲೈನ್ ಅರ್ಜಿಗಳನ್ನು ಮೊದಲು ಓದುವುದು ಎಷ್ಟೋ ಕಡೆ ಸಾಫ್ಟ್‌ವೇರು, ಅದಕ್ಕೆ ಅವು ಅರ್ಥವಾಗುವುದಿಲ್ಲ. ಕಾಗದವನ್ನು ಫೋನಿನಲ್ಲಿ ಫೋಟೊ ಹೊಡೆದು ಪಿಡಿಎಫ್ ಮಾಡಿ ಕಳಿಸುವುದೂ ಬೇಡ. ಅದೂ ಬರೀ ಚಿತ್ರವೇ. ಫೈಲಿಗೆ ನಿಮ್ಮ ಹೆಸರಿಡಿ. "ನ್ಯೂ ಫೈನಲ್ 2" ಎಂಬ ಹೆಸರಿನ ಫೈಲು ತಂಗಿಯ ಮೇಲಿಗೆ ದಿನಾ ಬರುತ್ತವಂತೆ.

ಅಕ್ಟೋಬರ್‌ನಿಂದ ಅರ್ಜಿ ಹಾಕಲು ಶುರು. ಕೇಂದ್ರ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್, ರಾಜ್ಯದ ಸ್ಕಿಲ್ ಕನೆಕ್ಟ್, ಖಾಸಗಿ ಜಾಲತಾಣಗಳು, ಎಲ್ಲ ಕಡೆ ಹೆಸರು ಹಾಕಿದೆ. ಅಲ್ಲಿಂದ ಬಂದ ಕರೆಗಳೆಲ್ಲ ಬೆಂಗಳೂರು, ಹುಬ್ಬಳ್ಳಿಯವು. ಕಾರವಾರದ ಕೆಲಸಗಳು ಆನ್‌ಲೈನಿಗೆ ಬರುವುದೇ ಕಡಿಮೆ. ಪ್ರಿಂಟ್ ಹಿಡಿದು ಆಫೀಸು ಆಫೀಸು ಹತ್ತಿ ಇಳಿದೆ. ಲೆಕ್ಕಪರಿಶೋಧಕರ ಕಚೇರಿ, ಹೋಟೆಲು, ಶಾಲೆ, ಗುತ್ತಿಗೆದಾರರು. ಬಹಳ ಕಡೆ ಕಾಗದ ಇಸಿದುಕೊಂಡು "ಹೇಳ್ತೇವೆ" ಎಂದರು. ಆ ಮಾತು ಕೇಳಿ ಮನೆಗೆ ಬಂದು ಫೋನ್ ನೋಡುತ್ತ ಕೂರುವುದಿದೆಯಲ್ಲ, ಘಟ್ಟ ಹತ್ತುವುದಕ್ಕಿಂತ ಸುಸ್ತು. ಹತ್ತು ದಿನ ಬಿಟ್ಟು ನೀವೇ ಫೋನ್ ಮಾಡಿ. ಸಿಟ್ಟಾಗುವುದಿಲ್ಲ. ಒಂದು ಕಡೆ ನನ್ನ ಕಾಗದ ಫೈಲಿನಡಿ ಸಿಕ್ಕಿಕೊಂಡಿತ್ತು, ಫೋನ್ ಮಾಡಿದ್ದಕ್ಕೇ ಅದು ಮೇಲೆ ಬಂತು.

ಒಂದು ಸಂದರ್ಶನದಲ್ಲಿ ರೆಸ್ಯೂಮೆ ತೆರೆಯುವ ಮೊದಲೇ ಕೇಳಿದರು, "ಗಂಡ ಏನು ಮಾಡ್ತಾರೆ? ಇನ್ನೊಂದು ಮಗು ಯೋಚನೆ ಇದೆಯಾ?" ಕಾಗದದಿಂದ ತೆಗೆದಿದ್ದೆಲ್ಲ ಬಾಯಲ್ಲಿ ಬಂತು. "ಕೆಲಸಕ್ಕೆ ಬೇಕಾದ ವಿಷಯ ಕೇಳಿ ಸರ್, ಹೇಳ್ತೇನೆ" ಎಂದೆ, ನಗುತ್ತಲೇ. ಆ ಕೆಲಸ ಸಿಗಲಿಲ್ಲ. ಬೇಸರವಾಯಿತು, ಪಶ್ಚಾತ್ತಾಪ ಆಗಲಿಲ್ಲ. ಮಗು ಚಿಕ್ಕದು, ರಜೆ ಜಾಸ್ತಿ ಬೇಕಾಗ್ತದಾ ಎಂಬ ಪ್ರಶ್ನೆ ಮಾತ್ರ ಎಲ್ಲ ಕಡೆಯೂ ಬರುತ್ತದೆ. ಅದಕ್ಕೆ ಒಂದು ಉತ್ತರ ಮೊದಲೇ ಹೊಂದಿಸಿಟ್ಟುಕೊಳ್ಳಿ. "ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ನೋಡಿಕೊಳ್ಳುವವರಿದ್ದಾರೆ, ಬಸ್ಸಿನ ಸಮಯ ನೋಡಿಕೊಂಡೇ ಬಂದಿದ್ದೇನೆ" ಎಂದು ನಾನು ಹೇಳುತ್ತಿದ್ದೆ. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಹೆರಿಗೆ ರಜೆ 26 ವಾರ ಎಂಬುದು 2017ರಿಂದ ಕಾನೂನು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು, ಅದು 2013ರ ಕಾನೂನು. ಸಂದರ್ಶನದಲ್ಲಿ ಇವನ್ನು ಎತ್ತುವ ಅಗತ್ಯವಿಲ್ಲ, ತಿಳಿದಿರಲಿ.

ಕೆಲಸ ಸಿಕ್ಕಿದ್ದು ಗುತ್ತಿಗೆದಾರರಿಗೆ ಸಾಮಾನು ಪೂರೈಸುವ ಒಂದು ಆಫೀಸಿನಲ್ಲಿ. ಅಲ್ಲಿನ ಹಿರಿಯ ಅಕೌಂಟೆಂಟ್ ಹೆಂಗಸೇ. ಗ್ಯಾಪಿನ ಬಗ್ಗೆ ಒಂದು ಪ್ರಶ್ನೆಯೂ ಕೇಳಲಿಲ್ಲ. ಕೇಳಿದ್ದು ಎರಡು. "ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯಲ್ಲಿ ಏನು ಬದಲಾಯ್ತು?" 12 ಮತ್ತು 28ರ ದರಗಳು ಹೋಗಿ ಮುಖ್ಯವಾಗಿ 5 ಮತ್ತು 18 ಉಳಿದಿವೆ ಎಂದೆ. ಕ್ಲಾಸಿನಲ್ಲಿ ಅದೇ ತಿಂಗಳು ಬಂದ ವಿಷಯ. ಎರಡನೆಯದು, "ಸಂಘದ ಲೆಕ್ಕದಲ್ಲಿ ದುಡ್ಡು ತಾಳೆ ಆಗದಿದ್ರೆ ಏನು ಮಾಡ್ತಿದ್ರಿ?" ಇಲ್ಲಿ ನನಗೆ ಹುರುಪು ಬಂತು. ಒಮ್ಮೆ 340 ರೂಪಾಯಿ ಕಡಿಮೆ ಬಂದಾಗ ಹದಿನೈದು ಪಾಸ್‌ಬುಕ್ಕನ್ನೂ ಹರವಿಕೊಂಡು ರಾತ್ರಿ ಹುಡುಕಿದ ಕಥೆ ಹೇಳಿದೆ. ಒಬ್ಬರ ಬಡ್ಡಿಯನ್ನು ತಪ್ಪಿ ಎರಡು ಸಲ ಕಳೆದುಬಿಟ್ಟಿದ್ದೆ. ಸಂಘದ ಅಧ್ಯಕ್ಷರ ಸಹಿ ಇದ್ದ ಒಂದು ಪತ್ರ ಮತ್ತು ಆಡಿಟ್ ಆದ ಪುಟದ ಜೆರಾಕ್ಸ್ ಮುಂದಿಟ್ಟೆ. ಅವರು ಅದನ್ನೇ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು. ಸಂಘದಲ್ಲಿ ಪುಸ್ತಕ ಬರೆಯುವವರೆಲ್ಲ ಇಂಥದೊಂದು ಪತ್ರ ಮಾಡಿಸಿಟ್ಟುಕೊಳ್ಳಿ. ಖರ್ಚು ಏನೂ ಇಲ್ಲ.

ಸಂಬಳ ಎಷ್ಟು ಬೇಕು ಎಂದಾಗ "ನೀವು ಕೊಟ್ಟಷ್ಟು" ಅನ್ನಬೇಡಿ. ಕಾರವಾರದಲ್ಲಿ ಅದೇ ಕೆಲಸದಲ್ಲಿರುವವರ ಹತ್ತಿರ ವಿಚಾರಿಸಿಕೊಂಡು ಹೋಗಿದ್ದೆ, 18,000 ಎಂದೆ. ಅವರು 15 ಎಂದರು, 16,500ಕ್ಕೆ ಒಪ್ಪಂದವಾಯಿತು. ಆರು ತಿಂಗಳಿಗೆ ಮತ್ತೆ ನೋಡುವುದು ಎಂಬುದನ್ನು ನೇಮಕದ ಪತ್ರದಲ್ಲೇ ಬರೆಸಿಕೊಂಡೆ.

ಜನವರಿಯಲ್ಲಿ ಸೇರುವ ದಿನ ಮೂಲ ಮಾರ್ಕ್ಸ್ ಕಾರ್ಡು ಕೇಳಿದರು. ತೋರಿಸಿ, ಸಹಿ ಮಾಡಿದ ಜೆರಾಕ್ಸ್ ಕೊಟ್ಟು, ಮೂಲವನ್ನು ವಾಪಸ್ ಚೀಲಕ್ಕೆ ಹಾಕಿಕೊಂಡೆ. ಮೂಲಪ್ರತಿಗಳನ್ನು ಎಲ್ಲೂ ಬಿಟ್ಟು ಬರಬೇಡಿ, ಅವರು ಎಷ್ಟೇ ಒಳ್ಳೆಯವರಿರಲಿ. ಪಿಎಫ್ ಫಾರ್ಮಿನಲ್ಲಿ "ಮೊದಲ ಕೆಲಸ" ಎಂದು ಟಿಕ್ ಹಾಕಲು ಹೊರಟಿದ್ದರು. ಹಳೆಯ ಯುಎಎನ್ ಕೊಟ್ಟು ಅದಕ್ಕೇ ಸೇರಿಸಲು ಹೇಳಿದೆ. ಹೊಸ ನಂಬರ್ ಮಾಡಿಸಿಕೊಂಡರೆ ಹುಬ್ಬಳ್ಳಿಯ ನಾಲ್ಕು ವರ್ಷ ಮತ್ತೆ ಬೇರೆಯೇ ಉಳಿಯುತ್ತಿತ್ತು. ನಾಮಿನಿಯ ಹೆಸರನ್ನೂ ಅದೇ ದಿನ ತುಂಬಿಸಿ. ರೆಸ್ಯೂಮೆಯ ವರ್ಡ್ ಫೈಲು ನನ್ನ ಮೇಲಿನಲ್ಲಿದೆ, ಈ ಹೊಸ ಕೆಲಸದ ಸಾಲನ್ನು ಸೇರಿದ ವಾರವೇ ಅದರ ಮೇಲ್ಗಡೆ ಹಾಕಿಟ್ಟಿದ್ದೇನೆ. ನಮೂನೆ ಬೇಕೆಂದವರಿಗೆ ಹೆಸರು, ನಂಬರ್ ತೆಗೆದು ಕಳಿಸುತ್ತೇನೆ. ಸಂಘದ ಸಾಲು, ಮಾವಿನ ರಸದ ಸಾಲು ಇದ್ದಲ್ಲಿ ನಿಮ್ಮದನ್ನು ಬರೆದುಕೊಳ್ಳಿ.